ಮೇಜಿನ ಮೇಲೆ ತೊಂಬತ್ತೈದು ಟನ್ನಿನ ಸಲಿಕೆ

ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನವಿದೆ ಎಂದು ನೋಟಿಸು ಬಂದ ಸಂಜೆ ಪೇಟೆಯ ಸ್ಟೇಷನರಿ ಅಂಗಡಿಗಳ ಮುಂದೆ ಒಂದು ಗಳಿಗೆ ನಿಂತು ನೋಡಬೇಕು. ಥರ್ಮೋಕೋಲ್ ಹಾಳೆ, ಹಸಿರು ಬಣ್ಣದ ಮರದ ಪುಡಿ, ಮಿಂಚುವ ಕಾಗದ ಹಿಡಿದುಕೊಂಡ ಅಪ್ಪ ಅಮ್ಮಂದಿರ ಸಾಲೇ ಸಾಲು. ಅಷ್ಟೂ ಪುರುಸೊತ್ತಿಲ್ಲದವರಿಗೆ ಸಿದ್ಧಪಡಿಸಿದ ಅಣೆಕಟ್ಟು, ಜ್ವಾಲಾಮುಖಿ, ಹೃದಯ ಎಲ್ಲವೂ ಸಿಗುತ್ತವೆ. ರಾತ್ರಿ ಹನ್ನೊಂದಕ್ಕೆ ಮಗು ಮಲಗಿರುತ್ತದೆ, ಅಪ್ಪ ಅಣೆಕಟ್ಟಿಗೆ ಗೇಟು ಅಂಟಿಸುತ್ತಿರುತ್ತಾರೆ. ಬೆಳಿಗ್ಗೆ ಮಗು ಒಂದು ಪುಟದ ವಿವರಣೆಯನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಮಾದರಿಯ ಪಕ್ಕದಲ್ಲಿ ನಿಲ್ಲುತ್ತದೆ. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಪಾಪ, ಮೊದಲನೆಯ ಸಾಲಿನಿಂದ ಮತ್ತೆ ಶುರು ಮಾಡಬೇಕಾಗುತ್ತದೆ.

ಈ ವಾರ ಹೇಳಹೊರಟಿರುವುದು ಇದಕ್ಕೆ ತೀರ ವಿರುದ್ಧವಾದ ಒಂದು ಹವ್ಯಾಸದ ಸಂಗತಿ. ಯಾವುದಾದರೊಂದು ಹಳೆಯ ಯಂತ್ರವನ್ನು ಆರಿಸಿಕೊಂಡು, ಅದರ ಪ್ರತಿಯೊಂದು ಭಾಗವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಅಂಗಡಿಯ ಕಿಟ್ಟಿನ ಗೊಡವೆಗೇ ಹೋಗದೆ ಹಾಳೆ, ಕಡ್ಡಿ, ತಂತಿಗಳಿಂದ ಸ್ವಂತ ಕೈಯಲ್ಲೇ ಕಟ್ಟುವುದು. ಹವ್ಯಾಸಿಗಳು ಇದಕ್ಕೆ ‘ಸ್ಕ್ರ್ಯಾಚ್ ಬಿಲ್ಡಿಂಗ್’ ಎನ್ನುತ್ತಾರೆ. ಕೆಲವರಿಗೆ ಹಡಗಿನ ಹುಚ್ಚು, ಕೆಲವರಿಗೆ ರೈಲಿನದು. ನನ್ನ ಪಕ್ಷಪಾತ ಮಾತ್ರ ಮಣ್ಣು ಅಗೆಯುವ ಯಂತ್ರಗಳ ಕಡೆಗೆ. ಬೀದಿಯಲ್ಲಿ ಜೆಸಿಬಿ ಕೆಲಸ ಮಾಡುತ್ತಿದ್ದರೆ ಶಾಲೆಗೆ ಹೊರಟ ಹುಡುಗನೂ ನಿಲ್ಲುತ್ತಾನೆ, ಹಾಲು ತರಲು ಹೊರಟ ತಾತನೂ ನಿಲ್ಲುತ್ತಾರೆ. (ಅಗೆಯುವ ಯಂತ್ರಕ್ಕೆಲ್ಲ ನಾವು ಜೆಸಿಬಿ ಎಂದೇ ನಾಮಕರಣ ಮಾಡಿಬಿಟ್ಟಿದ್ದೇವೆ. ನಮ್ಮ ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆಯಲ್ಲೇ ತಯಾರಾಗಿದ್ದರೂ ಜನರ ಬಾಯಲ್ಲಿ ಅದು ಜೆಸಿಬಿಯೇ!) ಈ ಯಂತ್ರಗಳ ಮುತ್ತಜ್ಜನ ಹೆಸರು ಸ್ಟೀಮ್ ಶವಲ್. ಕನ್ನಡದಲ್ಲಿ ಉಗಿ ಸಲಿಕೆ ಎನ್ನೋಣ.

ಅಮೆರಿಕದ ವಿಲಿಯಂ ಓಟಿಸ್ ಎಂಬ ತರುಣ 1839ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದೇ ವರ್ಷ ತೀರಿಕೊಂಡ. ಆಗ ಅವನಿಗೆ ಇಪ್ಪತ್ತಾರು ವರ್ಷ. ರೈಲುದಾರಿಗಾಗಿ ದಿಣ್ಣೆಗಳನ್ನು ಕಡಿಯಲು ಹುಟ್ಟಿದ ಈ ಯಂತ್ರ ಲೋಕಪ್ರಸಿದ್ಧವಾದದ್ದು ಪನಾಮಾ ಕಾಲುವೆಯಲ್ಲಿ. 1904ರಲ್ಲಿ ಅಮೆರಿಕ ಕೈಗೆತ್ತಿಕೊಂಡ ಆ ಕಾಲುವೆ ಸಂಚಾರಕ್ಕೆ ತೆರೆದದ್ದು 1914ರ ಆಗಸ್ಟ್ 15ರಂದು. ನಡುವೆ ಕುಲೆಬ್ರಾ ಎಂಬಲ್ಲಿ ಬೆಟ್ಟಸಾಲನ್ನೇ ಸೀಳಬೇಕಾಗಿತ್ತು. ಮಳೆ ಬಂದಾಗಲೆಲ್ಲ ಅಗೆದಷ್ಟೇ ಮಣ್ಣು ಪಕ್ಕದಿಂದ ಜಾರಿ ಮತ್ತೆ ಗುಂಡಿಗೆ ಬೀಳುತ್ತಿತ್ತು. ಕಾಲುವೆಯ ಕೆಲಸಕ್ಕೆ ತರಿಸಿದ ಉಗಿ ಸಲಿಕೆಗಳು ನೂರಕ್ಕೂ ಹೆಚ್ಚು. ಅವುಗಳಲ್ಲಿ ಮುಕ್ಕಾಲು ಪಾಲು ಬ್ಯುಸೈರಸ್ ಕಂಪನಿಯವು, ಉಳಿದವು ಬಹುಪಾಲು ಮೇರಿಯನ್ ಕಂಪನಿಯವು. 1906ರ ನವೆಂಬರಿನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಳೆಯಲ್ಲೇ ಒಂದು ಸಲಿಕೆಯ ಮೇಲೆ ಹತ್ತಿ ಚಾಲಕನ ಜಾಗದಲ್ಲಿ ಕುಳಿತರು. ಬಿಳಿಯ ಸೂಟು ಧರಿಸಿ ಕೂತ ಆ ಚಿತ್ರ ಇಂದಿಗೂ ಪುಸ್ತಕಗಳಲ್ಲಿ ಅಚ್ಚಾಗುತ್ತಿರುತ್ತದೆ. ಆ ಚಿತ್ರದಲ್ಲಿರುವುದು ಬ್ಯುಸೈರಸ್ ಕಂಪನಿಯ 95 ಟನ್ನಿನ ಸಲಿಕೆ. ನಾವೂ ಅದನ್ನೇ ಕಟ್ಟೋಣ.

ಕಟ್ಟುವುದೆಂದರೆ ಮೊದಲು ಅಳತೆ ಬೇಕು. ಯಂತ್ರವನ್ನು ಕಣ್ಣಾರೆ ನೋಡಿ ಅಳೆಯೋಣವೆಂದರೆ ಹಳಿಯ ಮೇಲೆ ನಿಂತು ಅಗೆಯುತ್ತಿದ್ದ ಈ ಜಾತಿಯ ದೊಡ್ಡ ಸಲಿಕೆಗಳು ಬಹುಮಟ್ಟಿಗೆ ಗುಜರಿಗೆ ಹೋದವು. ನ್ಯೂಯಾರ್ಕ್ ರಾಜ್ಯದ ಲೀ ರಾಯ್ ಎಂಬ ಊರಿನಲ್ಲಿ ಒಂದು ಮೇರಿಯನ್ ಸಲಿಕೆ ರಸ್ತೆ ಬದಿಯಲ್ಲಿ ಉಳಿದುಕೊಂಡಿದೆ. ನಮ್ಮ ಹುಡುಗರು ಅಲ್ಲಿಗೆ ಹೋಗುವುದೆಲ್ಲಿ ಬಂತು? ಆದರೆ ಕಾಲುವೆ ತೋಡುತ್ತಿದ್ದಾಗ ತೆಗೆದ ಸಾವಿರಾರು ಛಾಯಾಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮುಂತಾದ ಕಡೆ ಜೋಪಾನವಾಗಿವೆ. ಈಗ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಓಟಿಸನ ಪೇಟೆಂಟಿನ ನಕ್ಷೆಯೂ ಹಾಗೆಯೇ ಸಿಗುತ್ತದೆ.

ಛಾಯಾಚಿತ್ರದಿಂದ ಅಳತೆ ತೆಗೆಯುವುದು ಹೇಗೆ? ಚಿತ್ರದಲ್ಲಿ ನಮಗೆ ಖಚಿತವಾಗಿ ಗೊತ್ತಿರುವ ಒಂದು ಅಳತೆ ಸಿಕ್ಕರೆ ಸಾಕು. ಇಲ್ಲಿ ಅದು ಹಳಿ. ಪನಾಮಾ ರೈಲ್ವೆಯ ಎರಡು ಹಳಿಗಳ ನಡುವಿನ ಅಂತರ ಆಗ ಸರಿಯಾಗಿ ಐದು ಅಡಿ, ಎಂದರೆ 1524 ಮಿಲಿಮೀಟರ್. ಸಲಿಕೆಯನ್ನು ನೇರ ಹಿಂದಿನಿಂದ ತೆಗೆದ ಚಿತ್ರದಲ್ಲಿ ಹಳಿಗಳ ಅಂತರ 24 ಮಿಲಿಮೀಟರ್, ಅದರ ಮೇಲಿನ ಹಿಂಗೋಡೆಯ ಅಗಲ 48 ಮಿಲಿಮೀಟರ್ ಬಂತೆಂದಿಟ್ಟುಕೊಳ್ಳಿ. ಗೋಡೆ ಹಳಿಯ ಅಂತರದ ಎರಡರಷ್ಟು, ಸುಮಾರು ಮೂರು ಮೀಟರ್ ಎಂದಾಯಿತು. ಆರನೆಯ ಇಯತ್ತೆಯ ಅನುಪಾತದ ಲೆಕ್ಕ ಅಷ್ಟೆ. ಆದರೆ ಒಂದು ಎಚ್ಚರ: ಅಳೆಯುವ ವಸ್ತುವೂ ಹಳಿಯನ್ನು ಅಳೆದ ಜಾಗವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು. ಮುಂದೆ ಚಾಚಿದ ತೋಳಿಗೆ ಹಿಂದಿನ ಹಳಿಯ ಲೆಕ್ಕ ಹಾಕಿದರೆ ಎಲ್ಲವೂ ತಪ್ಪುತ್ತದೆ.

ಮಾದರಿಯ ಪ್ರಮಾಣ 1:48 ಇರಲಿ. ನಿಜವಾದ 48 ಮಿಲಿಮೀಟರ್ ನಮ್ಮ ಮೇಜಿನ ಮೇಲೆ 1 ಮಿಲಿಮೀಟರ್. ಈ ಪ್ರಮಾಣವನ್ನು ಆರಿಸಿದ್ದಕ್ಕೆ ಒಂದು ಸ್ವಾರಸ್ಯದ ಕಾರಣವಿದೆ. ಅಮೆರಿಕದ ಮಾದರಿ ರೈಲುಗಳಲ್ಲಿ ‘ಓ’ ಎಂಬ ಗಾತ್ರ ಬಹಳ ಹಳೆಯದು. ಅದರ ಪ್ರಮಾಣ 1:48, ಹಳಿಗಳ ಅಂತರ ಒಂದೂಕಾಲು ಇಂಚು. ಒಂದೂಕಾಲನ್ನು 48ರಿಂದ ಗುಣಿಸಿ: 60 ಇಂಚು, ಐದು ಅಡಿ. ಅಮೆರಿಕದ ನಿಜವಾದ ಹಳಿಯಾದರೋ ನಾಲ್ಕು ಅಡಿ ಎಂಟೂವರೆ ಇಂಚು. ಆದ್ದರಿಂದ ಆ ಹಳಿ ಅಗಲ ಜಾಸ್ತಿಯಾಯಿತೆಂದು ಅಲ್ಲಿನ ಹವ್ಯಾಸಿಗಳು ತಲೆಮಾರುಗಳಿಂದ ಗೊಣಗುತ್ತ ಬಂದಿದ್ದಾರೆ. ಪನಾಮಾದ ಸಲಿಕೆ ಕಟ್ಟುವವನಿಗೆ ಮಾತ್ರ ಅದೇ ಹಳಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸರಿ!

ಇನ್ನು ಸಾಮಗ್ರಿ. ಪರದೇಶದ ಪುಸ್ತಕಗಳಲ್ಲಿ ಪಟ್ಟಿ ನೋಡಿ ಹೆದರಬೇಕಾದ್ದಿಲ್ಲ. ನಮ್ಮ ಮನೆಗಳಲ್ಲಿ ಹಳೆಯ ಲಗ್ನಪತ್ರಿಕೆಗಳಿಗೇನು ಬರವೆ? ಆ ದಪ್ಪ ನುಣುಪು ಕಾಗದಕ್ಕಿಂತ ಒಳ್ಳೆಯ ‘ತಗಡು’ ಬೇರೆ ಇಲ್ಲ. ಸೈಕಲ್ಲಿನ ಕಡ್ಡಿ ಎರಡು ಮಿಲಿಮೀಟರ್ ದಪ್ಪ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಸೆಂಟಿಮೀಟರಿನ ಉಕ್ಕಿನ ದಂಡ. ಉರಿದು ಮುಗಿದ ಊದುಬತ್ತಿಯ ಕಡ್ಡಿ ಕೈಪಿಡಿ ಕಂಬಿಯಾಗುತ್ತದೆ. ಬಾಯ್ಲರಿಗೆ ಪಿವಿಸಿ ಕೊಳವೆಯ ತುಂಡು. ಕೆಟ್ಟ ಗೋಡೆಗಡಿಯಾರದ ಹಲ್ಲುಗಾಲಿಗಳನ್ನು ಎಸೆಯಬೇಡಿ ಎಂದು ಈಗಲೇ ಮನೆಯವರಿಗೆ ಹೇಳಿಡಿ. ಬೇಡದ್ದು ಥರ್ಮೋಕೋಲ್ ಒಂದೇ. ಅದಕ್ಕೆ ಸೂಕ್ಷ್ಮ ಅಂಚು ಬರುವುದಿಲ್ಲ, ಘಾಟು ವಾಸನೆಯ ಅಂಟು ತಗುಲಿದರೆ ಕರಗಿಯೇ ಹೋಗುತ್ತದೆ. ಬ್ಲೇಡು, ಕಟರ್ ಕೆಲಸವನ್ನು ಚಿಕ್ಕ ಮಕ್ಕಳು ಹಿರಿಯರ ಎದುರಿನಲ್ಲಿ ಮಾಡಲಿ. ಆದರೆ ಮಕ್ಕಳೇ ಮಾಡಲಿ.

ರಿವೆಟ್ಟುಗಳ ವಿಚಾರ ಸ್ವಲ್ಪ ಹೇಳಲೇಬೇಕು. ಆ ಕಾಲದಲ್ಲಿ ಉಕ್ಕಿನ ಹಲಗೆಗಳನ್ನು ಬೆಸುಗೆ ಹಾಕಿ ಜೋಡಿಸುತ್ತಿರಲಿಲ್ಲ. ಒಂದು ಬದಿ ತಲೆಯಿರುವ ಕಾದ ಮೊಳೆ ತೂರಿಸಿ ಇನ್ನೊಂದು ಬದಿಗೂ ತಲೆ ಬಡಿಯುತ್ತಿದ್ದರು. ಅಂಥ ಮೊಳೆಯ ತಲೆ ಮೂರು ಸೆಂಟಿಮೀಟರಿನಷ್ಟು. ನಮ್ಮ ಮಾದರಿಯಲ್ಲಿ ಅದು ಮಿಲಿಮೀಟರಿನ ಮುಕ್ಕಾಲಿಗಿಂತ ಕಡಿಮೆ. ಇಷ್ಟು ಸಣ್ಣ ಗುಂಡುತಲೆಯನ್ನು ನೂರಾರು ಸಂಖ್ಯೆಯಲ್ಲಿ ಎಲ್ಲಿಂದ ತರುವುದು? ಲಗ್ನಪತ್ರಿಕೆಯ ಹಿಂಬದಿಯಲ್ಲಿ ಗೆರೆ ಎಳೆದು, ಸ್ಕೇಲು ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನ ತುದಿಯಿಂದ ಒಂದೇ ಸಮನಾದ ಒತ್ತಡದಲ್ಲಿ ಒತ್ತುತ್ತ ಹೋಗಬೇಕು. ಕೆಳಗೆ ಒಂದು ಹಳೆಯ ನೋಟುಪುಸ್ತಕವಿರಲಿ. ಕಾಗದ ತಿರುಗಿಸಿದರೆ ಮುಂಬದಿಯಲ್ಲಿ ಸಾಲಾಗಿ ಎದ್ದ ರಿವೆಟ್ಟುಗಳು! ಒಂದು ಜೋರಾಗಿ ಒತ್ತಿದರೆ ಕಾಗದ ಹರಿಯುತ್ತದೆ, ಮೆತ್ತಗೆ ಒತ್ತಿದರೆ ಕಾಣುವುದೇ ಇಲ್ಲ. ಇಡೀ ಫಲಕ ಹಾಳಾಗುವುದು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲೇ. ಆಗ ಇನ್ನೊಂದು ಲಗ್ನಪತ್ರಿಕೆ.

ಈಗ ನಿಜವಾದ ಪಾಠಕ್ಕೆ ಬರೋಣ. ಉದ್ದ 48 ಪಟ್ಟು ಕುಗ್ಗಿದರೆ ತೂಕವೂ 48 ಪಟ್ಟು ಕುಗ್ಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ಘನ ಅಳತೆ, ಅದರೊಂದಿಗೆ ತೂಕ, 48 ಗುಣಿಸು 48 ಗುಣಿಸು 48, ಎಂದರೆ 1,10,592 ಪಟ್ಟು ಕುಗ್ಗುತ್ತದೆ. ಅಮೆರಿಕದ 95 ಟನ್ ನಮ್ಮ ಲೆಕ್ಕದಲ್ಲಿ ಸುಮಾರು 86,000 ಕಿಲೋಗ್ರಾಂ. ಭಾಗಿಸಿ ನೋಡಿ: 780 ಗ್ರಾಂ. ಅಸಲು ಯಂತ್ರದ ಲೋಹದಲ್ಲೇ, ಒಳಗಿನ ಭಾಗಗಳನ್ನೂ ಬಿಡದೆ ಕಟ್ಟಿದರೂ ಇಡೀ ಯಂತ್ರ ಮುಕ್ಕಾಲು ಕಿಲೋ ಬೆಲ್ಲದಷ್ಟೇ ತೂಗುತ್ತದೆ. ಅದರ ಬುಟ್ಟಿಯಲ್ಲಿ ಒಮ್ಮೆಗೆ ಐದು ಘನ ಗಜ ಮಣ್ಣು ಹಿಡಿಯುತ್ತಿತ್ತು. ಮೇಜಿನ ಮೇಲಿನ ಬುಟ್ಟಿಯಲ್ಲಿ ಹಿಡಿಯುವುದು ಏಳು ಟೀ ಚಮಚ.

ಬಲದ ಲೆಕ್ಕ ಬೇರೆ. ಒಂದು ತೊಲೆಯ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸುತ್ತದೆ. ವಿಸ್ತೀರ್ಣ ಕುಗ್ಗುವುದು 48 ಗುಣಿಸು 48, ಅಂದರೆ 2,304 ಪಟ್ಟು ಮಾತ್ರ. ತೂಕ ಲಕ್ಷ ಪಟ್ಟು ಇಳಿದಾಗ ಬಲ ಎರಡು ಸಾವಿರ ಪಟ್ಟು ಇಳಿದಿದೆ. ಆದ್ದರಿಂದಲೇ ಕಾಗದದ ತೋಳು ಬಾಗದೆ ನಿಲ್ಲುತ್ತದೆ, ಇರುವೆ ತನ್ನ ತೂಕದ ಹಲವು ಪಟ್ಟು ಹೊರುತ್ತದೆ. ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನೇ ವಿವರಿಸಿದ್ದ. ಮಾದರಿ ಗಟ್ಟಿಯಾಗಿ ನಿಂತಿತು, ಆದ್ದರಿಂದ ದೊಡ್ಡದೂ ನಿಲ್ಲುತ್ತದೆ ಎಂಬ ಊಹೆ ಅಪಾಯದ್ದು ಎಂದು ಇದರಿಂದ ಗೊತ್ತಾಗುತ್ತದೆ. ಪುಸ್ತಕದಲ್ಲಿ ಓದಿದಾಗ ಇದು ಎರಡು ಅಂಕದ ಪ್ರಶ್ನೆ. ಬುಟ್ಟಿಯನ್ನು ಎತ್ತುವ ದಾರ ಕಟ್ಟುವ ದಿನ ನೋಡಿ. ಅಸಲು ಯಂತ್ರದಲ್ಲಿ ಬುಟ್ಟಿಯ ಭಾರಕ್ಕೆ ಸರಪಳಿ ಬಿಗಿದು ನಿಂತಿರುತ್ತದೆ. ನಮ್ಮ ಕಾಗದದ ಬುಟ್ಟಿಗೆ ಭಾರವೇ ಇಲ್ಲ. ದಾರ ತನ್ನ ಬಿರುಸಿನಿಂದಲೇ ಸೊಟ್ಟಗೆ ನಿಂತು ಇಡೀ ಮಾದರಿಯ ಗುಟ್ಟು ರಟ್ಟು ಮಾಡುತ್ತದೆ. ಬುಟ್ಟಿಯ ತಳದಲ್ಲಿ ಗಾಳದ ಸೀಸದ ಗುಂಡೊಂದನ್ನು ಮರೆಯಾಗಿ ಇಟ್ಟರೆ ದಾರ ನೆಟ್ಟಗಾಗುತ್ತದೆ. ಗುಂಡನ್ನು ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಸೀಸ ವಿಷ.

ಸೀಸ ಇಟ್ಟಿರೋ, ಇನ್ನೊಂದು ತಾಪತ್ರಯ ಶುರು. ತೋಳನ್ನು ಪಕ್ಕಕ್ಕೆ ತಿರುಗಿಸಿದೊಡನೆ ಯಂತ್ರ ಮಗುಚಿ ಬೀಳುತ್ತದೆ. ಅಸಲು ಯಂತ್ರ ಏಕೆ ಬೀಳುತ್ತಿರಲಿಲ್ಲ? ಮತ್ತೆ ಛಾಯಾಚಿತ್ರಗಳನ್ನು ಹರಡಿಕೊಂಡು ನೋಡಿ. ಮುಂಭಾಗದಲ್ಲಿ ಎರಡೂ ಕಡೆ ಗಟ್ಟಿಯಾದ ಎರಡು ಕೈಗಳು ಚಾಚಿಕೊಂಡು, ಜಾಕಿಯ ಮೂಲಕ ನೆಲದ ಮೇಲಿನ ಮರದ ದಿಮ್ಮಿಗಳಿಗೆ ಊರಿಕೊಂಡಿರುತ್ತವೆ. ಮೊದಲ ಸಲ ನೋಡಿದಾಗ ಅದು ಯಾವುದೋ ಅಲಂಕಾರದ ಬಿಡಿಭಾಗದಂತೆ ಕಂಡಿರುತ್ತದೆ. ನಾಳೆ ಬೀದಿಯ ಜೆಸಿಬಿ ಹಿಂದಿನ ತೋಳಿನಿಂದ ಅಗೆಯುವಾಗ ಗಮನಿಸಿ, ಅದೂ ಮೊದಲು ಎರಡು ಕಾಲುಗಳನ್ನು ನೆಲಕ್ಕೆ ಊರಿಯೇ ಕೆಲಸ ಶುರು ಮಾಡುತ್ತದೆ. ಅದರ ಆ ತೋಳೂ ಉಗಿ ಸಲಿಕೆಯ ತೋಳಿನ ಹಾಗೆ ಪೂರ್ತಿ ಸುತ್ತು ತಿರುಗುವುದಿಲ್ಲ, ಹೆಚ್ಚುಕಡಿಮೆ ಅರ್ಧ ಸುತ್ತು ಮಾತ್ರ. ಬಾಯ್ಲರ್ ಏಕೆ ತೀರ ಹಿಂದೆ ಇದೆ ಎಂಬುದೂ ಆಗಲೇ ಹೊಳೆಯುತ್ತದೆ. ನೀರು ತುಂಬಿದ ಬಾಯ್ಲರಿನಷ್ಟು ಒಳ್ಳೆಯ ಎದುರುತೂಕ ಬೇರೆ ಯಾವುದಿದೆ? ನಿಮ್ಮ ಪಿವಿಸಿ ಬಾಯ್ಲರಿಗೂ ಮರಳು ತುಂಬಿ.

ಯಂತ್ರದ ಚಲನೆಗಳು ಮೂರು. ಬುಟ್ಟಿಯನ್ನು ಮೇಲೆತ್ತುವುದು, ಅದನ್ನು ಮುಂದಕ್ಕೆ ದಿಣ್ಣೆಯೊಳಗೆ ದೂಡುವುದು, ತೋಳನ್ನು ಅತ್ತಿತ್ತ ತಿರುಗಿಸುವುದು. ಜೆಸಿಬಿಯಲ್ಲಿರುವ ಎಣ್ಣೆಯ ಒತ್ತಡದ ಸಿಲಿಂಡರುಗಳು ಆಗ ಇರಲಿಲ್ಲ. ಮೂರು ಕೆಲಸಕ್ಕೆ ಮೂರು ಪ್ರತ್ಯೇಕ ಉಗಿ ಎಂಜಿನ್. ಅವುಗಳಲ್ಲಿ ದೂಡುವ ಎಂಜಿನ್ ಕೂತಿರುವುದು ತೋಳಿನ ಮೇಲೆಯೇ. ಬುಟ್ಟಿಯ ಹಿಡಿಕೆಯ ಅಡಿಯಲ್ಲಿ ಉದ್ದಕ್ಕೂ ಹಲ್ಲುಗಳಿರುತ್ತವೆ. ಎಂಜಿನ್ ಒಂದು ಹಲ್ಲುಗಾಲಿಯನ್ನು ತಿರುಗಿಸಿದರೆ ಹಿಡಿಕೆ ಮುಂದಕ್ಕೆ ಹಿಂದಕ್ಕೆ ಸರಿಯುತ್ತದೆ. ಇದನ್ನೆಲ್ಲ ಕಟ್ಟಿ, ಕೊನೆಗೆ ಬಾಯ್ಲರಿನಿಂದ ಆ ಎಂಜಿನ್ನಿಗೆ ಉಗಿಯ ಕೊಳವೆ ಎಳೆಯಲು ಹೋದಾಗ ಕೈ ತಟ್ಟನೆ ನಿಲ್ಲುತ್ತದೆ. ಬಾಯ್ಲರ್ ಕದಲುವುದಿಲ್ಲ, ತೋಳು ತಿರುಗುತ್ತಲೇ ಇರುತ್ತದೆ. ನಡುವಿನ ಕೊಳವೆ ತುಂಡಾಗಬೇಡವೆ? ಉತ್ತರ ಚಿತ್ರದಲ್ಲಿ ಎದ್ದು ಕಾಣುವುದಿಲ್ಲ. ತೋಳು ಯಾವ ಕೇಂದ್ರದ ಸುತ್ತ ತಿರುಗುತ್ತದೆಯೋ ಅದೇ ಕೇಂದ್ರದಲ್ಲಿ, ತಿರುಗಬಲ್ಲ ಕೀಲಿನ ಮೂಲಕ ಕೊಳವೆ ಹಾಯಬೇಕು. ಕೇಂದ್ರ ಬಿಟ್ಟು ಬೇರೆಲ್ಲಿ ಇಟ್ಟರೂ ಕೊಳವೆ ಎಳೆದಾಡುತ್ತದೆ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಎರಡು ಸ್ಟ್ರಾ ತುಂಡು ಹಿಡಿದು ಇದನ್ನು ತಾನೇ ಕಂಡುಕೊಂಡರೆ ಅವಳು ಅಂದು ಕಲಿತದ್ದನ್ನು ಯಾವ ಗೈಡೂ ಕಲಿಸಲಾರದು.

‘ಇದರಿಂದ ಮಾರ್ಕ್ಸ್ ಬರುತ್ತದೆಯೆ ಸ್ವಾಮಿ?’ ಎಂದು ತಂದೆ ತಾಯಂದಿರು ಕೇಳುವುದುಂಟು. ಬರುವುದಿಲ್ಲ. ಸುಳ್ಳು ಆಸೆ ಹುಟ್ಟಿಸಿ ನಾನೇಕೆ ಬೈಸಿಕೊಳ್ಳಲಿ? ದಿನಕ್ಕೊಂದು ಗಂಟೆಯಂತೆ, ಭಾನುವಾರ ಇನ್ನೊಂದೆರಡು ಗಂಟೆ ಸೇರಿಸಿ, ನಾಲ್ಕೈದು ತಿಂಗಳು ಹಿಡಿಯುವ ಕೆಲಸ. ಎಸ್ಸೆಸ್ಸೆಲ್ಸಿಯ ವರ್ಷ ಬೇಡ, ಎಂಟನೆಯ ತರಗತಿಯ ದಸರಾ ರಜೆಯಲ್ಲಿ ಶುರು ಮಾಡುವುದು ವಾಸಿ. ಖರ್ಚು ಒಂದು ಸಿನಿಮಾ, ಒಂದು ಹೋಟೆಲ್ ಊಟದೊಳಗೆ ಮುಗಿಯುತ್ತದೆ. ಒಂದೇ ಒಂದು ಕೋರಿಕೆ: ಮಗುವಿನ ಕೆಲಸ ಓರೆಕೋರೆಯಾಗಿದೆಯೆಂದು ನೀವು ಕತ್ತರಿ ಎತ್ತಿಕೊಳ್ಳಬೇಡಿ. ಅಳತೆ ಎಲ್ಲಿಂದ ಬಂತು, ಈ ಭಾಗ ಏನು ಮಾಡುತ್ತದೆ ಎಂದು ಕೇಳಿ. ಗೊತ್ತಿಲ್ಲ ಎಂದು ಮಗು ಹೇಳಿದರೆ ಸುಮ್ಮನಿರಿ, ಎರಡು ದಿನ ಬಿಟ್ಟು ಅದೇ ಬಂದು ಹೇಳುತ್ತದೆ.

ಬಣ್ಣ ಹಚ್ಚಿ ಮುಗಿದ ಮೇಲೆ ಬಹಳ ಮಂದಿ ಕೈ ತೊಳೆದು ಎದ್ದುಬಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಒಂದೊಂದು ರಿವೆಟ್ಟನ್ನೂ ಲೆಕ್ಕ ಹಿಡಿದು ಒತ್ತಿದವರು ಮನುಷ್ಯರನ್ನು ಬಿಟ್ಟರೆ ಅದೆಂಥ ವಿವರ? ಈ ಪ್ರಮಾಣದಲ್ಲಿ ಆಳು ಮೂರೂವರೆ ಸೆಂಟಿಮೀಟರ್ ಎತ್ತರ. ತಂತಿಯ ಮೇಲೆ ಎಂ-ಸೀಲ್ ಮೆತ್ತಿ ಮಾಡಬಹುದು. ಸಲಿಕೆಯ ಒಳಗೆ ಎತ್ತುವ, ತಿರುಗಿಸುವ ಸನ್ನೆಗಳನ್ನು ಹಿಡಿದ ಚಾಲಕ ಒಬ್ಬ. ತೋಳಿನ ಬುಡದ ಪುಟ್ಟ ಅಟ್ಟದ ಮೇಲೆ ನಿಂತು ಬುಟ್ಟಿಯನ್ನು ದೂಡಿ, ಅಗುಳಿ ಎಳೆದು ಅದರ ತಳದ ಬಾಗಿಲು ತೆರೆಯುವವನು ಇನ್ನೊಬ್ಬ. ಹಿಂದೆ ಕಲ್ಲಿದ್ದಲು ಹಾಕುವ ಫೈರ್‌ಮನ್. ಕೆಳಗೆ ನೆಲದ ಮೇಲೆ ಜಾಕಿ ಎತ್ತಿ ಇಳಿಸುವ, ಹಳಿ ಹೊರುವ ಒಂದು ಗುಂಪು.

ಯಾರಿಗೆ ಯಾವ ಬಣ್ಣ ಹಚ್ಚುವುದು ಎಂದು ಚಿತ್ರ ನೋಡಲು ಹೊರಟರೆ ಕಾಲುವೆಯ ಇನ್ನೊಂದು ಚರಿತ್ರೆ ತೆರೆದುಕೊಳ್ಳುತ್ತದೆ. ಸನ್ನೆ ಹಿಡಿದವರು ಬಿಳಿಯ ಅಮೆರಿಕನ್ನರು. ಅವರ ಹೆಸರು ‘ಚಿನ್ನದ ಪಟ್ಟಿ’ಯಲ್ಲಿ, ಸಂಬಳ ಅಮೆರಿಕದ ಚಿನ್ನದ ನಾಣ್ಯದಲ್ಲಿ. ನೆಲದ ಮೇಲಿನವರು ಹೆಚ್ಚಾಗಿ ಬಾರ್ಬಡೋಸ್, ಜಮೈಕಾ ಮೊದಲಾದ ದ್ವೀಪಗಳಿಂದ ಬಂದ ಕಪ್ಪು ಜನ. ಅವರದು ‘ಬೆಳ್ಳಿಯ ಪಟ್ಟಿ’. ಸಂಬಳ ಕಡಿಮೆ, ಅದೂ ಬೆಳ್ಳಿಯ ನಾಣ್ಯದಲ್ಲಿ. ವಸತಿ, ಊಟದ ಮನೆ, ಸಂಬಳದ ಕಿಟಕಿ, ಮಕ್ಕಳ ಶಾಲೆ ಎಲ್ಲವೂ ಬೇರೆ ಬೇರೆ. ಅಮೆರಿಕನ್ನರ ಹತ್ತು ವರ್ಷದ ಕೆಲಸದಲ್ಲಿ ರೋಗ, ಅಪಘಾತಗಳಿಂದ ಸತ್ತವರು ಆಸ್ಪತ್ರೆಯ ದಾಖಲೆಗಳ ಪ್ರಕಾರ 5,609 ಮಂದಿ. ಅವರಲ್ಲಿ ಸುಮಾರು 4,500 ಜನ ಈ ದ್ವೀಪಗಳಿಂದ ಬಂದವರು. ರೂಸ್‌ವೆಲ್ಟರ ಬಿಳಿ ಸೂಟಿನ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಹಳಿ ಹೊತ್ತವರ ಹೆಸರು ಹೇಳುವ ಚಿತ್ರದಡಿಯ ಸಾಲು ನನ್ನ ಕಣ್ಣಿಗೆ ಬಿದ್ದಿಲ್ಲ.

1913ರ ಮೇ 20ರಂದು ಕುಲೆಬ್ರಾದ ತಳದಲ್ಲಿ ಎರಡು ದಿಕ್ಕಿನಿಂದ ಅಗೆಯುತ್ತ ಬಂದ ಎರಡು ಸಲಿಕೆಗಳು, 222 ಮತ್ತು 230ನೆಯ ನಂಬರಿನವು, ಎದುರುಬದುರಾಗಿ ಕೂಡಿದವು. ನಿಮ್ಮ ಮಾದರಿಗೆ ಆ ನಂಬರುಗಳಲ್ಲಿ ಒಂದನ್ನು ಬರೆಯಬೇಕೆನಿಸಿದರೆ, ನಂಬರು ಕಾಣುವ ಚಿತ್ರ ಸಿಕ್ಕಿದ ಮೇಲೆಯೇ ಬರೆಯಿರಿ. ಹಲಗೆಯ ಮೇಲೆ ಹಳಿ ಕೂರಿಸುವಾಗ ಇನ್ನೊಂದು ಮಾತು ನೆನಪಿರಲಿ. ಈ ಸಲಿಕೆ ಓಡಾಡುತ್ತಿದ್ದುದು ಉದ್ದಕ್ಕೆ ಹಾಸಿದ ಹಳಿಯ ಮೇಲಲ್ಲ. ಎದುರಿನ ಮಣ್ಣು ಅಗೆದು ಮುಗಿದಾಗ ಆಳುಗಳು ಜಾಕಿ ಸಡಿಲಿಸಿ, ಮುಂದೆ ಒಂದು ಗಿಡ್ಡ ಹಳಿಯ ತುಂಡು ಜೋಡಿಸುತ್ತಿದ್ದರು. ಯಂತ್ರ ಅದರ ಮೇಲೆ ತೆವಳಿದ ಮೇಲೆ ಹಿಂದೆ ಖಾಲಿಯಾದ ತುಂಡನ್ನು ಬಿಚ್ಚಿ ಹೊತ್ತು ಮತ್ತೆ ಮುಂದಕ್ಕೆ ತರುತ್ತಿದ್ದರು. ಹಾಗಾಗಿ ಸಲಿಕೆಯ ಹಿಂದೆ ಹಳಿ ಉದ್ದಕ್ಕೂ ಹಾಸಬೇಡಿ. ಬಿಚ್ಚಿದ ಒಂದು ತುಂಡು, ಅದನ್ನು ಹೊತ್ತು ಯಂತ್ರದ ಮಗ್ಗುಲಿಗೆ ನಡೆಯುತ್ತಿರುವ ಆಳುಗಳು, ಅವರ ಕಾಲಡಿಯಲ್ಲಿ ಮಳೆಗಾಲದ ಕೆಸರು. ಕೆಸರಿಗೆ ಮರದ ಪುಡಿ, ಅಂಟು ಮತ್ತು ಕಾಫಿ ಚರಟ ಕಲಸಿದರೆ ಸರಿಯಾದ ಬಣ್ಣ ಬರುತ್ತದೆ.